ಕೂಡ್ರಿಸಿದವರನ್ನು ಎಬ್ಬಿಸುವ ಶಾಟ್

ಆ ದಿನ ಮಾಡಿದ ಕೆಲಸಗಳು ಇವು. ಅಂಗಳ ಗುಡಿಸಿ ನೀರು ಹೊಡೆದೆ. ಬಟ್ಟೆಯಲ್ಲಿ ಕಟ್ಟಿಟ್ಟ ಮಡಿಕೆ ಕಾಳು ಮೊಳಕೆ ಒಡೆದಿತ್ತು, ಬಿಚ್ಚಿ ಬುಟ್ಟಿಗೆ ಹಾಕಿದೆ. ಹಾಲು ಕಾಸಿದೆ. ಲಾಳಿಯೊಳಗೆ ಇಡುವ ನೂಲಿನ ಕಂಡಿಕೆ ಒಂದಿಷ್ಟು ಸುತ್ತಿದೆ. ಮಗ್ಗಕ್ಕೆ ನೂಲು ಬೇಕಿತ್ತು ಅಂತಲ್ಲ, ಕೈಗೆ ಕೆಲಸ ಬೇಕಿತ್ತು. ನಮ್ಮವರ ಬಿಳಿ ಧೋತರ ಒಗೆದು, ಅರ್ಧ ಒಣಗಿದಾಗಲೇ ತೆಗೆದು, ಬಲ ಮೊಣಕಾಲಿನ ಮೇಲೆ ಬರುವ ನಿರಿಗೆಗಳನ್ನು ಫೋಟೊ ನೋಡಿ ಮೊದಲಿನ ಹಾಗೆಯೇ ಮಡಚಿಟ್ಟೆ. ವಿಭೂತಿ ಗಟ್ಟಿಯನ್ನು ನೀರಲ್ಲಿ ಕಲಸಿ ಬಟ್ಟಲಲ್ಲಿ ಇಟ್ಟೆ. ಚೆಂಡು ಹೂವಿನ ಹಾರ ಕಟ್ಟಿದೆ. ಕಟ್ಟಿದ ಮೇಲೆ ಎಡಗಡೆಯ ಒಂದು ಹೂವನ್ನು ಬೆರಳಿನಿಂದ ಹಿಸುಕಿ ಜಜ್ಜಿದೆ, ಯಾಕೆಂದರೆ ಮೊದಲಿನ ಹಾರದಲ್ಲಿ ಆ ಜಾಗದ ಹೂವು ಜಜ್ಜಿತ್ತು. ಆಮೇಲೆ ಕೈ ತೊಳೆದುಕೊಂಡು, ನಮ್ಮವರನ್ನು ಹೆಣದ ಹಾಗೆ ಸಿಂಗರಿಸಲು ಕರೆದೆ.

ಇದು ಎರಡನೆಯ ಸಲ. ಮೊದಲ ಸಲ ಸಿಂಗರಿಸಿದ್ದು ಸಿನಿಮಾಕ್ಕೆ. ಈ ಸಲವೂ ಸಿನಿಮಾಕ್ಕೇ ಅಂತ ಹೊರಗಿನವರಿಗೆ ಅನ್ನಿಸಿರಬಹುದು. ನನಗೆ ಹಾಗಿರಲಿಲ್ಲ. ಈ ಸಲ ಅವರು ಏಳಲೇಬೇಕಿತ್ತು.

ನಮ್ಮದು ಇಳಕಲ್ಲಿನ ಹಳೆಯ ಓಣಿಯಲ್ಲಿ ನೇಕಾರರ ಮನೆ. ಪಡಸಾಲೆಯಲ್ಲಿ ಕುಣಿಮಗ್ಗ ಇದೆ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ಸೊಂಟದತನಕ ಭೂಮಿಯೊಳಗೆ ಇದ್ದಂತೆ ಕೂತು ನಮ್ಮವರು ಸೀರೆ ನೇಯುತ್ತಾರೆ. ಓಣಿಯ ಬಹಳಷ್ಟು ಮನೆಗಳಿಗೆ ಪವರ್‌ಲೂಮ್ ಬಂದು ವರ್ಷಗಳಾದವು. ಕೈಮಗ್ಗ ಇರುವ ಮನೆ ಬೇಕು ಅಂತ ಹುಡುಕಿಕೊಂಡು ಬಂದವಳು ಬಾಗಲಕೋಟೆಯ ನವನಗರದ ಒಬ್ಬ ಹೆಣ್ಣುಮಗಳು. ಸಿನಿಮಾ ನಿರ್ದೇಶಕಿ ಅಂದರೆ ಕಪ್ಪು ಕನ್ನಡಕ, ಮಡಚುವ ಕುರ್ಚಿ ಅಂತೆಲ್ಲ ನಾನು ಅಂದುಕೊಂಡಿದ್ದೆ. ಅವಳು ಬಂದವಳೇ ನನ್ನ ಅಡುಗೆಮನೆಗೆ ಹೋಗಿ ತಾನೇ ಚಹಾಕ್ಕೆ ಇಟ್ಟಳು. ಅವಳ ಕಥೆ ಇಷ್ಟೆ: ನೇಕಾರನೊಬ್ಬ ತೀರಿಕೊಳ್ಳುತ್ತಾನೆ, ಬಾದಾಮಿಗೆ ಕೊಟ್ಟ ಮಗಳು ಬಂದು ಮುಟ್ಟುವತನಕ ಮನೆಯವರು ಕಾಯುತ್ತಾರೆ. ನೇಕಾರನ ಪಾತ್ರಕ್ಕೆ ಹೇಳಿದ್ದ ನಾಟಕದ ಹಿರಿಯರೊಬ್ಬರು ಮೊಣಕಾಲು ನೋವು ಅಂತ ಕೊನೆಯ ಗಳಿಗೆಯಲ್ಲಿ ಕೈಕೊಟ್ಟರು. ಅವಳ ಕಣ್ಣು ನಮ್ಮವರ ಮೇಲೆ ಬಿತ್ತು.

"ಕಾಕಾ, ನೀವ ಮಾಡ್ರಿ. ಬರೇ ಕುಂದ್ರೂದ ಐತಿ."

"ಮಾತಾಡೂದು ಏನೂ ಇಲ್ಲಲಾ?" ಅಂದರು ನಮ್ಮವರು.

"ಹೆಣಕ್ಕ ಎಂಥಾ ಮಾತ್ರಿ?"

"ಹಂಗಾರ ಆಗ್ತೈತಿ ತಗೋ. ಮನ್ಯಾಗ ನಾ ದಿನಾ ಅದ ಪಾರ್ಟ್ ಮಾಡ್ತೇನಿ. ಇಕಿನ್ನ ಕೇಳು ಬೇಕಾರ."

ನಾನೂ ನಕ್ಕೆ.

ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಮೀಯಿಸಿ, ಮಡಿ ಉಡಿಸಿ, ಗೋಡೆಗೆ ಆನಿಸಿ ಕೂಡ್ರಿಸುತ್ತೇವೆ. ಹಣೆ ತುಂಬ ವಿಭೂತಿ, ಕೊರಳಿಗೆ ಹೂವು, ಎಡಗೈಯಲ್ಲಿ ಇಷ್ಟಲಿಂಗ. ಸುತ್ತ ಭಜನೆ ನಡೆಯುತ್ತದೆ. ಮಣ್ಣಿಗೂ ಕೂತೇ ಹೋಗುತ್ತಾರೆ. ಬಾಗಿಲಲ್ಲಿ ನಿಂತು ನೋಡಿದರೆ ಪೂಜೆಗೆ ಕೂತವರು ಯಾರು, ತೀರಿಕೊಂಡವರು ಯಾರು ಅಂತ ಸಟ್ಟನೆ ತಿಳಿಯುವುದಿಲ್ಲ. ಕೈಯಲ್ಲಿ ಲಿಂಗ ಇಡುವುದಕ್ಕೆ ಮಾತ್ರ ನಾನು ಒಪ್ಪಲಿಲ್ಲ. ಅವರ ಲಿಂಗ ಶಾಲಿನ ಕೆಳಗೆ ಎದೆಯ ಮೇಲೆಯೇ ಇರಲಿ ಅಂದೆ. ಕೈಗೆ, ಬಿಳಿ ಬಟ್ಟೆಯಲ್ಲಿ ಸುತ್ತಿದ ಒಂದು ಗುಂಡುಕಲ್ಲು ಇಟ್ಟೆವು.

ನಿರ್ದೇಶಕಿಯ ಹತ್ತಿರ ಜನ ಕಡಿಮೆ ಇದ್ದರು. ನನಗೂ ಒಂದು ಕೆಲಸ ಹಚ್ಚಿದಳು.

"ಕಾಕಿ, ಮನಿ ನಿಮ್ದು, ಕಾಕಾನೂ ನಿಮ್ಮಾರು. ಯಾವ್ದು ಎಲ್ಲಿತ್ತು, ಹೆಂಗಿತ್ತು, ನೀವ ನೋಡ್ಕೋರ್ರಿ. ಇದಕ್ಕ ಕಂಟಿನ್ಯೂಟಿ ಅಂತಾರ."

ಅವಳು ತಿಳಿಸಿ ಹೇಳಿದಳು. ತೆರೆಯ ಮೇಲೆ ಒಂದೇ ಮಧ್ಯಾಹ್ನವಾಗಿ ಕಾಣುವುದನ್ನು ತುಂಡು ತುಂಡಾಗಿ, ಬೇರೆ ಬೇರೆ ದಿನ, ಹಿಂದುಮುಂದಾಗಿ ತೆಗೆಯುತ್ತಾರೆ. ಆಮೇಲೆ ಎಡಿಟಿಂಗ್‌ನಲ್ಲಿ ಜೋಡಿಸುತ್ತಾರೆ. ಮೊದಲ ತುಂಡಿನಲ್ಲಿ ದೀಪದ ಎಣ್ಣೆ ಎಷ್ಟಿತ್ತೋ ಎರಡನೆಯದರಲ್ಲೂ ಅಷ್ಟೇ ಇರಬೇಕು. ಊದಿನಕಡ್ಡಿ ಒಮ್ಮೆ ಗಿಡ್ಡ, ಒಮ್ಮೆ ಉದ್ದ ಆಗಬಾರದು. ಬೆಳಕಿಂಡಿಯಿಂದ ಇಳಿದ ಬಿಸಿಲು ಗೋಡೆಯ ಮೇಲೆ ಎಲ್ಲಿತ್ತೋ ಅಲ್ಲೇ ಬರುವ ಹೊತ್ತಿಗೆ ಮರುದಿನದ ಶಾಟ್. ಪ್ರತಿ ಶಾಟ್ ಮುಗಿದ ಕೂಡಲೇ ಫೋನಿನಲ್ಲಿ ಫೋಟೊ ತೆಗೆದಿಡುವುದು ನನ್ನ ಕೆಲಸ. ಮೊದಲ ದಿನ ನಾನು ಮಾಡಿದ್ದೇನು? ಎರಡು ಶಾಟ್‌ಗಳ ನಡುವೆ, ಕೈಚಾಳಿ ಸುಮ್ಮನಿರಬೇಕಲ್ಲ, ದೀಪದ ಕುಡಿ ಕೊಡವಿ ಎಣ್ಣೆ ತುಂಬಿಬಿಟ್ಟೆ. "ಅಯ್ಯ ಕಾಕಿ, ನಿಮ್ಮ ದೀಪ ಒಮ್ಮೆಲೆ ಹರೇ ಬಂದಂಗಾತಲ್ರಿ" ಅಂತ ಅವಳು ತಲೆ ಹಿಡಿದುಕೊಂಡು ಕೂತಳು. ಶಾಟ್ ಮತ್ತೆ ತೆಗೆಯಬೇಕಾಯಿತು.

ಆ ಮತ್ತೆ ತೆಗೆದ ಶಾಟ್‌ನಲ್ಲೇ ಬೇವೂರಿನ ಚಿಗವ್ವ ಬಂದದ್ದು.

ಚಿಗವ್ವ ಅಂದರೆ ನಮ್ಮವರ ತಾಯಿಯ ತಂಗಿ. ಮೊಮ್ಮಗಳಿಗೆ ಸೀರೆ ಕೊಳ್ಳಲು ಬಸ್ಸಿಳಿದು ನಮ್ಮ ಓಣಿಗೆ ಬಂದಿದ್ದಾಳೆ. ಓಣಿಯ ತುದಿಯಲ್ಲೇ ಭಜನೆ ಕೇಳಿದೆ. ಬಾಗಿಲ ಮುಂದೆ ಚಪ್ಪಲಿಗಳ ರಾಶಿ. ಒಳಗೆ ಇಣುಕಿದರೆ, ಗೋಡೆಗೆ ಆನಿಸಿ ಕೂಡ್ರಿಸಿದ ಅಕ್ಕನ ಮಗ. ಕ್ಯಾಮೆರಾ ಮಗ್ಗದ ಹಿಂದೆ ಇತ್ತು, ಅವಳಿಗೆ ಕಾಣಲಿಲ್ಲ. ಸದ್ದಿಲ್ಲದೆ ತಿರುಗಿ ಹೋಗಿ, ಮೂಲೆಯ ಹೂವಿನವಳ ಹತ್ತಿರ ಹಾರ ಕೊಂಡು, ಮತ್ತೆ ಬಂದು ಒಳಗೆ ನುಗ್ಗಿದಳು.

"ಎಪ್ಪಾ ನನ್ನ ಮಗನ! ನನ್ನ ಪಾಳಿ ನೀ ಕಸಗೊಂಡ್ಯಲ್ಲೋ! ನಾ ಮುದುಕಿ ಇನ್ನಾ ಕುಂತೇನಿ, ನಿನಗ್ಯಾಕ ಅವಸರ ಬಿದ್ದಿತ್ತೋ!"

ಹಾರ ಹಾಕಿದಳು. ಆ ಗಡಿಬಿಡಿಯಲ್ಲಿ ಅವಳ ಬಳೆ ಸಿಕ್ಕಿ ಒಂದು ಹೂವು ಜಜ್ಜಿತು. ಅವರ ಮೊಣಕಾಲಿಗೆ ಹಣೆ ಹಚ್ಚಿ ಅತ್ತಳು. ಭಜನೆಗೆ ಕೂತಿದ್ದವರು ನಮ್ಮ ಓಣಿಯ ಹೆಂಗಸರೇ, ಅವರಿಗೂ ನಿಜವಾದ ಅಳು ಬಂತು. ನಿರ್ದೇಶಕಿ ಬಾಯಿಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು, ಕಟ್ ಅನ್ನಲಿಲ್ಲ. ನಾನು ನೋಡುತ್ತಿದ್ದದ್ದು ನಮ್ಮವರನ್ನು. ಎತ್ತಿ ಆಡಿಸಿದ ಚಿಗವ್ವ ಮೊಣಕಾಲ ಮೇಲೆ ಬಿದ್ದು ಅಳುತ್ತಿದ್ದರೂ ಅವರ ರೆಪ್ಪೆ ಕೂಡ ಅಲುಗಲಿಲ್ಲ.

ಕಟ್ ಆಯಿತು. ಅವರು ಕಣ್ಣು ತೆರೆದರು. ಚಿಗವ್ವ ಚೀರಿ ಹಿಂದಕ್ಕೆ ಬಿದ್ದಳು, ಆಮೇಲೆ ಎದ್ದು ಅವರ ಬೆನ್ನಿಗೆ ಗುದ್ದಿದಳು.

"ನಿನ್ನ ಬಾಯಾಗ ಮಣ್ಣ ಹಾಕ್ಲಿ!"

"ಹಾಕಾಕ ಬಂದಿದ್ದೆಲ್ಲ, ಹಾಕಿ ಹೋಗು" ಅಂದರು ಇವರು.

ಎಲ್ಲರೂ ನಕ್ಕರು. ಚಿಗವ್ವನೂ ನಕ್ಕಳು, ನಕ್ಕು ಮೂಗು ಒರೆಸಿಕೊಂಡಳು. ಹಾರ ಮರಳಿ ಕೊಡಲು ಹೋದರೆ ಮಾತ್ರ ಎರಡೂ ಕೈ ಹಿಂದೆ ಕಟ್ಟಿಕೊಂಡಳು. ಸತ್ತವನೆಂದು ಖರೇ ನಂಬಿ ಹಾಕಿದ ಹಾರ ಅದು, ತಾನು ಮುಟ್ಟುವುದಿಲ್ಲ ಅಂದಳು. ಆಮೇಲೆ ನಿರ್ದೇಶಕಿಯ ಕಡೆ ತಿರುಗಿದಳು.

"ಯವ್ವಾ, ಆ ಡಬ್ಬಿ ಒಳಗ ಇವನ್ನ ಕುಂದ್ರಿಸೀಯಲಾ, ಅದರ ಒಳಗನ ಎಬ್ಬಿಸಬೇಕು. ಹೊರಗ ಎದ್ದದ್ದು ಲೆಕ್ಕಕ್ಕಿಲ್ಲ. ಎಬ್ಬಿಸಲಾರದ ಬಿಡಬ್ಯಾಡ."

"ಹೌದ್ರಿ ಆಯಿ, ನಮ್ಮ ಸಿನಿಮಾದಾಗೂ ಆ ಪದ್ಧತಿ ಐತಿ" ಅಂದಳು ಅವಳು. "ಹೆಣದ ಪಾರ್ಟ್ ಮಾಡಿದವರು ಕಡೀಕ ಎದ್ದು ನಕ್ಕದ್ದು ಒಂದು ಶಾಟ್ ತಗೋತೇವಿ. ಈಗ ತಗೊಂಡ್ರ ಹೂವು, ವಿಭೂತಿ ಎಲ್ಲಾ ಕೆಡ್ತಾವು. ಕಡೀ ದಿನಾ ತಗೋತೇನ್ರಿ."

ಚಿಗವ್ವ ಹಾರ ಹಾಕಿದ್ದು ಕ್ಯಾಮೆರಾದಲ್ಲಿ ಬಂದುಬಿಟ್ಟಿತ್ತು. ಹಾಗಾಗಿ ಅಲ್ಲಿಂದ ಮುಂದಿನ ಎಲ್ಲ ಶಾಟ್‌ಗಳಲ್ಲೂ ಅದೇ ಹಾರ ಇರಬೇಕು. ನಂಬಿಕೆಯಿಂದ ಹಾಕಿದ ಹಾರವನ್ನು ನಾನು ಪ್ರತಿ ಸಂಜೆ ಅವರ ಕೊರಳಿನಿಂದ ತೆಗೆದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಅಂಗಳದ ಗೂಡಿನಲ್ಲಿ ಇಟ್ಟು, ಮರುದಿನ ಮತ್ತೆ ಹಾಕುತ್ತಿದ್ದೆ. ಒಳಗೆ ತರಲು ಮನಸ್ಸಾಗಲಿಲ್ಲ.

ಕೊನೆಯ ದಿನ ಮೋಡ ಕವಿಯಿತು. ಕೊನೆಯ ಶಾಟ್ ನಡೆಯುವಾಗಲೇ ಗಾಳಿ ಎದ್ದು ಕರೆಂಟ್ ಹೋಯಿತು, ಬೆಳಕಿಂಡಿಯ ಬಿಸಿಲೂ ಹೋಯಿತು. ಪಡಸಾಲೆಯಲ್ಲಿ ಏನೂ ಕಾಣದಂತಾಯಿತು. ಸಿನಿಮಾದವರೆಲ್ಲ ಅಂದೇ ಬಾದಾಮಿಗೆ ಹೋಗಬೇಕಿತ್ತು. ಚೊಳಚಗುಡ್ಡದ ಹೊಂಡದ ಹತ್ತಿರ ಮಗಳ ಪಾತ್ರದವಳ ಶೂಟಿಂಗ್ ಇಟ್ಟುಕೊಂಡಿದ್ದರು.

"ಏಳೂ ಶಾಟ್?" ಅಂದೆ.

"ಬಾದಾಮಿಯಿಂದ ಬಂದಮ್ಯಾಲ ತಗೋತೇನ್ರಿ ಕಾಕಿ. ಒಂದ್ ನಿಮಿಷದ ಕೆಲಸ."

ಗಾಡಿ ಹೋಯಿತು. ನಮ್ಮವರು ಕತ್ತಲಾದ ಪಡಸಾಲೆಯಲ್ಲಿ ಇನ್ನೂ ಗೋಡೆಗೆ ಆನಿಸಿಕೊಂಡು ಕೂತಿದ್ದರು. ಕಟ್ ಅಂದದ್ದು ಗಾಳಿಯ ಸದ್ದಿನಲ್ಲಿ ಕೇಳಿಸಲಿಲ್ಲ ಅಂದರು.

ಮೊದಮೊದಲು ನಾನು ಗಮನ ಕೊಡಲಿಲ್ಲ. ಮುಂದೆ ಕಾಣತೊಡಗಿತು. ಅವರ ಎಡಗೈ ತೊಡೆಯ ಮೇಲೆ ಅಂಗಾತ ಇರುತ್ತಿತ್ತು, ಏನನ್ನೋ ಹಿಡಿದ ಹಾಗೆ ಸ್ವಲ್ಪ ಬಾಗಿ. ಉಣ್ಣುವಾಗಲೂ ಹಾಗೆ, ಬಾಗಿಲಲ್ಲಿ ಕೂತಾಗಲೂ ಹಾಗೆ. ಮಗ್ಗದಲ್ಲಿ ಬಲಗೈ ಲಾಳಿಯ ಹಗ್ಗ ಎಳೆಯುತ್ತದೆ, ಎಡಗೈ ಪ್ರತಿ ಎಳೆಯನ್ನು ಬಡಿದು ಕೂಡಿಸುತ್ತದೆ. ಆ ಎಡಗೈಯೇ ಸೋಲುತ್ತಿತ್ತು. ಅರ್ಧ ಆದ ಸೀರೆಯನ್ನು ಬೆಳಕಿಗೆ ಹಿಡಿದರೆ ಶೂಟಿಂಗಿನ ಮೊದಲು ನೇಯ್ದದ್ದು ಎಲ್ಲಿ ಮುಗಿಯಿತು, ಆಮೇಲಿನದು ಎಲ್ಲಿ ಶುರುವಾಯಿತು ಅಂತ ಬೆರಳಿಟ್ಟು ತೋರಿಸಬಹುದಿತ್ತು. ಆಮೇಲಿನದು ಸಡಿಲ. ಅದರಲ್ಲಿ ಬೆಳಕು ಸೋರುತ್ತಿತ್ತು.

"ಕೈ ನೋಯ್ತೈತೇನ್ರಿ?" ಅಂತ ಕೇಳಿದೆ.

"ಇಲ್ಲ."

"ಮತ್ತ?"

ಲಾಳಿಯ ಹಗ್ಗ ಬಿಟ್ಟು ಹೇಳಿದರು: "ಅಲ್ಲೆ ಕುಂತಾಗ ಭಾಳ ಆರಾಮಿತ್ತ ನೋಡು. ಯಾರೂ ಏನೂ ಕೇಳಂಗಿಲ್ಲ. ಭಜನಿ ದೂರ ದೂರ ಹೋಕ್ಕೊಂತ ಹೋತು."

ನನಗೆ ಅದೊಂದು ಮಾತು ಸರಿ ಕಾಣಲಿಲ್ಲ. ಭಜನೆಯವರು ಅವರ ಕಾಲಬುಡದಲ್ಲೇ ಕೂತು ಹಾಡಿದ್ದರು.

ಆಗಲೇ ಬಾಗಲಕೋಟೆಯಿಂದ ಎಡಿಟರ್ ಫೋನ್ ಮಾಡಿದ. ಯಾವ ಶಾಟ್ ಯಾವುದರ ಮುಂದೆ ಬರಬೇಕು ಅಂತ ತಿಳಿಯಲು ನನ್ನ ಫೋನಿನ ಫೋಟೊಗಳು ಬೇಕಿದ್ದವು. ಫೋಟೊ ಕಳಿಸುವುದು ನನಗೆ ಸರಿಯಾಗಿ ಬರುವುದಿಲ್ಲ, ನಾನೇ ಬರುತ್ತೇನೆ ಅಂದೆ. ಖರೆ ಹೇಳಬೇಕೆಂದರೆ, ಡಬ್ಬಿಯೊಳಗೆ ಅವರು ಹೇಗೆ ಕೂತಿದ್ದಾರೆ ಅಂತ ನೋಡಬೇಕಿತ್ತು.

ಎಡಿಟರ್ ನನಗಿಂತ ಸ್ವಲ್ಪ ಸಣ್ಣ ವಯಸ್ಸಿನ, ಬೋಳುತಲೆಯ ಮನುಷ್ಯ. ಮದುವೆ ವಿಡಿಯೊ ಜೋಡಿಸುವುದು ಅವನ ದಿನದ ಕೆಲಸ. ಅಂಗಡಿಯಲ್ಲಿ ನನಗೆ ಸ್ಟೂಲ್ ಹಾಕಿ, ಮೊದಲ ದಿನದ ಶಾಟ್ ತೋರಿಸಿದ. ನಮ್ಮವರು ಗೋಡೆಗೆ ಕೂತಿದ್ದಾರೆ. ಶಾಲು ಎದೆಯ ಮೇಲೆ ಮೆಲ್ಲಗೆ ಏಳುತ್ತದೆ, ಇಳಿಯುತ್ತದೆ.

"ಇಲ್ಲೆ ನೋಡ್ರಿ ಅಕ್ಕಾರ, ಉಸಿರಾಟ ಕಾಣ್ತೈತಿ. ಇದನ್ನ ತಗೀಬೇಕು."

"ಉಸಿರ ತಗೀತೀ ತಮ್ಮಾ?"

"ತಗೀಲಿಲ್ಲಂದ್ರ ಜನಾ ನಗ್ತಾರಲ್ರಿ." ಅವನು ನಮ್ಮವರ ಸುತ್ತ ಒಂದು ಗೆರೆ ಎಳೆದು, ಆ ಗೆರೆಯ ಒಳಗಿನದನ್ನಷ್ಟೇ ನಿಲ್ಲಿಸಿದ. ದೀಪ ಅಲುಗುತ್ತಿತ್ತು, ಊದಿನಕಡ್ಡಿಯ ಹೊಗೆ ಮೇಲೇರುತ್ತಿತ್ತು, ಭಜನೆಯವರ ಬಾಯಿ ಆಡುತ್ತಿತ್ತು. ಗೆರೆಯ ಒಳಗೆ ಎಲ್ಲ ನಿಂತಿತು. ಅಷ್ಟೊತ್ತು ನನ್ನ ಗಂಡನಾಗಿ ಕೂತಿದ್ದವರು ಆ ಒಂದು ಒತ್ತಿಗೆ ಬೇರೆ ಏನೋ ಆದರು. ನಾನು ಸೆರಗು ಬಾಯಿಗೆ ಒತ್ತಿಕೊಂಡೆ.

"ಕಡೀ ದಿನದ್ದಕ್ಕ ಈ ತ್ರಾಸ ಇಲ್ರಿ" ಅಂದ ಅವನು, ನನ್ನನ್ನು ಮೆಚ್ಚಿಸುವ ದನಿಯಲ್ಲಿ. "ಕಾಕಾ ಎಷ್ಟು ಚೊಲೊ ಮಾಡ್ಯಾರಂದ್ರ, ನಾ ದೊಡ್ಡದು ಮಾಡಿ ಮಾಡಿ ಹುಡುಕೀನಿ. ಉಸಿರ ಇಲ್ಲ. ನಾ ಏನೂ ಮುಟ್ಟಿಲ್ಲ, ಹಂಗ ಐತಿ."

ಅದನ್ನೂ ಹಾಕಿದ. ಶಾಟ್ ಉದ್ದವಾಗಿತ್ತು. ನಾನು ಶಾಲನ್ನೇ ನೋಡುತ್ತಾ ಕೂತೆ. ಏಳಲಿಲ್ಲ, ಇಳಿಯಲಿಲ್ಲ. ನಡುವೆ ಒಂದು ನೊಣ ಬಂದು ಅವರ ಕೆಳತುಟಿಯ ಮೇಲೆ ಕೂತಿತು. ತುಟಿಯ ಉದ್ದಕ್ಕೂ ನಡೆದು, ಬಾಯಿಯ ಮೂಲೆಯಲ್ಲಿ ನಿಂತು, ಕಾಲು ತಿಕ್ಕಿತು. ತುಟಿ ಅದುರಲಿಲ್ಲ. ಆ ಶಾಟ್ ತೆಗೆಯುವಾಗ ನಾನು ಅವರ ಮಗ್ಗುಲಲ್ಲೇ, ಕ್ಯಾಮೆರಾಕ್ಕೆ ಕಾಣದಂತೆ ನಿಂತಿದ್ದೆ. ಒಂದು ಹೂವಿನ ಎಸಳು ಬಿದ್ದರೂ ನೋಡಬೇಕಾದವಳು ನಾನು. ಆ ನೊಣವನ್ನು ನಾನು ನೋಡಿರಲೇ ಇಲ್ಲ.

ಕೊನೆಯಲ್ಲಿ ಚಿತ್ರದ ಅಂಚಿನಿಂದ ಒಂದು ಕೈ ಬಂತು. ಹಸಿರು ಬಳೆಯ ಕೈ, ನನ್ನದು. ಹಾರ ಸರಿದಿದೆ ಅನ್ನಿಸಿ, ಶಾಟ್ ಮುಗಿಯಿತೆಂದು ತಿಳಿದು ಸರಿಮಾಡಲು ಚಾಚಿದ್ದೆ. ಕೈ ಎದೆಯ ಹತ್ತಿರ ಗಾಳಿಯಲ್ಲಿ ಇರುವಾಗಲೇ ಕರೆಂಟ್ ಹೋಗಿ ಕಪ್ಪಾಯಿತು.

"ಇದೊಂದು ತಪ್ಪಾಗೇತ್ರಿ, ಈ ಕೈ ಕತ್ತರಸ್ತೇನಿ" ಅಂದ.

ನಮ್ಮವರು ಏಳುವ ಶಾಟ್ ಉಳಿದುಹೋದದ್ದನ್ನು ಅವನಿಗೆ ಹೇಳಿದೆ. ಬಾದಾಮಿಯಲ್ಲೇ ಯಾವುದಾದರೂ ಗೋಡೆಗೆ ಕೂಡ್ರಿಸಿ ನಗಿಸಿ ತೆಗೆದರೆ ಆಗುವುದಿಲ್ಲವೇ ಅಂದ. ಆಗುವುದಿಲ್ಲ ಅಂದೆ. ಬೇರೆ ಗೋಡೆಗೆ ಕೂತು ಎದ್ದವರು ಬೇರೆಯವರು. ಈ ಗೋಡೆಗೆ ಕೂತವರು ಕೂತೇ ಇರುತ್ತಾರೆ. ಇದಕ್ಕೇ ಜೋಡಿಯಾಗಬೇಕು, ಇದೇ ಹಾರ, ಇದೇ ಬಿಸಿಲು.

ಅವನು ನಗಲಿಲ್ಲ. ತಲೆ ಕೆರೆದುಕೊಂಡು ಹೇಳಿದ: "ತ್ರಾಸ ಐತ್ರಿ ಅಕ್ಕಾರ. ಎರಡು ಶಾಟ್ ಕೂಡಿಸಿದ್ದು ಕಾಣಬಾರದಂದ್ರ ಅಳ್ಳಾಡೂದರ ಮ್ಯಾಲ ಕತ್ತರಸ್ತೇವಿ. ಒಬ್ಬಾಂವ ತಂಬಗಿ ಎತ್ತಾಕ ಕೈ ಹಾಕಿದ್ದು ಒಂದರಾಗ, ಎತ್ತಿದ್ದು ಇನ್ನೊಂದರಾಗ. ನೋಡಾವರ ಕಣ್ಣು ಕೈ ಸಂಗಾಟ ಹೋಗಿಬಿಡ್ತೈತಿ, ಬೆಸಿಗೆ ಕಾಣೂದಿಲ್ಲ. ಹೆಣಾ ಅಳ್ಳಾಡಂಗಿಲ್ಲಲ್ರಿ. ಎಲ್ಲಿ ಕತ್ತರಸ್ಲಿ?"

ಇಬ್ಬರೂ ಪರದೆ ನೋಡಿದೆವು. ಗಾಳಿಯಲ್ಲಿ ನಿಂತ ನನ್ನ ಕೈ ಅಲ್ಲೇ ಇತ್ತು.

"ನಿಮ್ಮ ಕೈ ಐತ್ರಿ" ಅಂದ ಅವನು ಮೆಲ್ಲಗೆ. "ಅಲ್ಲಿಂದ ಮುಂದ ಸುರು ಮಾಡ್ರಿ."

ಊರಿಗೆ ಮರಳುವ ಬಸ್ಸು ಅಮೀನಗಡದಲ್ಲಿ ನಿಂತಿತು. ಎಲ್ಲರೂ ಇಳಿದು ಕರದಂಟು ಕೊಂಡರು, ನಾನು ಇಳಿಯಲಿಲ್ಲ. ಹುನಗುಂದದಲ್ಲಿ ಮಗಳ ಮನೆ ಇದೆ. ಅಲ್ಲಿಯೂ ಇಳಿಯಲಿಲ್ಲ. ಏನಂತ ಹೇಳುವುದು ಅವಳಿಗೆ? ನಿಮ್ಮಪ್ಪ ಚೆನ್ನಾಗಿದ್ದಾರೆ, ಆದರೆ ಎದ್ದಿಲ್ಲ ಅಂತಲೇ? ಮನೆಗೆ ಬಂದಾಗ ಅವರು ಮಗ್ಗದ ಕುಣಿಯಲ್ಲಿದ್ದರು. ಲಾಳಿ ನಿಂತಿತ್ತು. ಎಡಗೈ ಅಂಗಾತ. "ಏನ್ರಿ" ಅಂದೆ. ಉತ್ತರ ಬರಲು ಹೊತ್ತು ಹಿಡಿಯಿತು. ನಾನು ಚಪ್ಪಲಿ ಕೂಡ ಬಿಡದೆ ನಿರ್ದೇಶಕಿಗೆ ಫೋನ್ ಹಚ್ಚಿದೆ.

"ಯವ್ವಾ, ನೀ ಬಾ. ನಿನ್ನ ಸಿನಿಮಾದ ಸಲುವಾಗಿ ಅಲ್ಲ, ನನ್ನ ಸಲುವಾಗಿ ಬಾ."

ಅವಳು ಯಾಕೆ ಅಂತ ಕೇಳಲಿಲ್ಲ. ಬಾದಾಮಿಯ ಕೆಲಸ ಮುಗಿಸಿಕೊಂಡು, ಕ್ಯಾಮೆರಾದವನನ್ನು ಕರೆದುಕೊಂಡು ಬಂದಳು. ಮೊದಲಿಗೆ ನಾನು ಬರೆದ ಕೆಲಸಗಳೆಲ್ಲ ಅವರು ಬಂದ ಆ ದಿನದವು.

ಬಿಸಿಲು ಬೆಳಕಿಂಡಿಯಿಂದ ಇಳಿದು ಗೋಡೆಯ ಮೇಲಿನ ಗುರುತಿಗೆ ಬರುವ ಮೊದಲೇ ಎಲ್ಲ ಅಣಿಯಾಗಿತ್ತು. ಚಿಗವ್ವನ ಹಾರ ಒಣಗಿ ಹೋಗಿತ್ತು, ಅದಕ್ಕೇ ಹೊಸದು. ವಿಭೂತಿಯ ನಡುವಿನ ಗೆರೆ ಬಲಕ್ಕೆ ಸ್ವಲ್ಪ ಏರಿತ್ತು, ಹಾಗೆಯೇ ಏರಿಸಿದೆ. ಎಡಗೈಗೆ ಗುಂಡುಕಲ್ಲು ಇಡಲು ಹೋದಾಗ ಆ ಕೈ ಮೊದಲೇ ಅಂಗಾತ ಕಾಯುತ್ತಿತ್ತು. ಭಜನೆಯ ಹೆಂಗಸರೂ ಬಂದರು. ಅವರು ಕಾಣುವುದು ಬೇಡ, ಹಾಡಿದರೆ ಸಾಕು ಅಂದಳು ನಿರ್ದೇಶಕಿ. ನಾನು ಎಡಿಟರನ ಪರದೆಯಿಂದ ಫೋನಿನಲ್ಲಿ ತೆಗೆದುಕೊಂಡಿದ್ದ ಫೋಟೊ ನೋಡಿ ಕೈ ಚಾಚಿ, ಗಾಳಿಯಲ್ಲಿ ಎಲ್ಲಿ ನಿಂತಿತ್ತೋ ಅಲ್ಲೇ ನಿಲ್ಲಿಸಿದೆ.

"ಕಾಕಾ, ಕಾಕಿ ಕೈ ಹಾರಕ್ಕ ಬಿದ್ದ ಕೂಡ್ಲೆ ಕಣ್ಣ ತೆಗದು ನಗ್ರಿ, ಎದ್ದು ನಿಂದರ್ರಿ. ಅಷ್ಟ."

"ಹೂಂ" ಅಂದರು.

ಆ್ಯಕ್ಷನ್ ಅಂದಳು. ನನ್ನ ಕೈ ಹಾರಕ್ಕೆ ಬಿತ್ತು. ಹಾರ ಸರಿಮಾಡಿದೆ. ಅವರು ಕಣ್ಣು ತೆಗೆಯಲಿಲ್ಲ.

ಮರೆತಿರಬೇಕು ಅಂದುಕೊಂಡೆ. ಹಾರ ಇನ್ನೊಮ್ಮೆ ಸರಿಸಿದೆ. ಭಜನೆ ಒಂದು ನುಡಿ ಮುಗಿದು ಇನ್ನೊಂದಕ್ಕೆ ಹೋಯಿತು. ಬೆರಳ ಕೆಳಗೆ ಹೂವು ತಣ್ಣಗಿತ್ತು. ಅದರ ಕೆಳಗೆ ಶಾಲು, ಶಾಲಿನ ಕೆಳಗೆ ಎದೆ. ನನ್ನ ಬೆರಳು ಮೇಲೂ ಹೋಗಲಿಲ್ಲ, ಕೆಳಗೂ ಬರಲಿಲ್ಲ.

"ಏಳ್ರಿ" ಅಂದೆ, ತುಟಿ ಆಡಿಸದೆ. ಏನಿಲ್ಲ. "ಏನ್ರಿ, ಏಳ್ರಿ. ಕೇಳ್ತೈತೇನ್ರಿ?" ಭಜನೆ ಒಬ್ಬೊಬ್ಬರಾಗಿ ನಿಂತಿತು.

"ಕಾಕಿ, ಕಟ್ ಅನ್ಲಿ?" ಅಂದಳು ನಿರ್ದೇಶಕಿ.

"ಅನಬ್ಯಾಡ. ಯಾರೂ ಏನೂ ಅನಬ್ಯಾಡ್ರಿ."

ಕಟ್ ಆದರೆ ಅವರು ಮತ್ತೆ ಅದರೊಳಗೇ ಉಳಿಯುತ್ತಾರೆ. ನನಗೆ ಬೇರೆ ದಾರಿ ತೋಚಲಿಲ್ಲ. ನಾನು ಅವರ ಹೆಸರು ಹಿಡಿದು ಕರೆದೆ. ಮದುವೆಯಲ್ಲಿ ಹೆಂಗಸರೆಲ್ಲ ಬಾಗಿಲಲ್ಲಿ ಅಡ್ಡಗಟ್ಟಿ ಒಡಪು ಹೇಳಿಸಿದಾಗ, ಪ್ರಾಸದ ನಡುವೆ ಮುಚ್ಚಿಟ್ಟು ಒಮ್ಮೆ ಅಂದದ್ದು ಬಿಟ್ಟರೆ ಆ ಹೆಸರು ನನ್ನ ಬಾಯಿಗೆ ಬಂದದ್ದಿಲ್ಲ. ಬರೆಯುವಾಗಲೂ ಬರುವುದಿಲ್ಲ. ಅಂದು ಮಾತ್ರ ಓಣಿಗೆ ಕೇಳುವಂತೆ ಕರೆದೆ.

ಶಾಲು ಎದ್ದಿತು. ನೀರಿನಿಂದ ಮೇಲೆ ಬಂದವರ ಹಾಗೆ ಉದ್ದನೆಯ ಉಸಿರು ಎಳೆದುಕೊಂಡರು. ಕಣ್ಣು ತೆರೆಯಿತು. ಅವರು ನಗಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ನನ್ನನ್ನು ದಾಟಿ, ಅಡುಗೆಮನೆಯ ಬಾಗಿಲ ಕಡೆ ನೋಡಿದರು. ಆಮೇಲೆ ಗೋಡೆಗೆ ಕೈ ಊರಿ ಎದ್ದು ನಿಂತರು. ಗುಂಡುಕಲ್ಲು ಜಾರಿ ನೆಲಕ್ಕೆ ಬಿದ್ದು ಮಗ್ಗದ ಕುಣಿಯ ತನಕ ಉರುಳಿತು.

"ಕಟ್" ಅಂದಳು ನಿರ್ದೇಶಕಿ. ಭಜನೆಯ ಹೆಂಗಸರಲ್ಲಿ ಒಬ್ಬಾಕೆ, "ಇನ್ನೊಮ್ಮಿ ಶೂಟಿಂಗ್ ಅಂತ ಕರದ್ರ ನಿಮ್ಮ ಮನಿಗಿ ಬಂದೇವೇನು ನಾವು" ಅಂತ ಗೊಣಗುತ್ತಾ ಚಪ್ಪಲಿ ಹುಡುಕಿಕೊಂಡು ಹೋದಳು.

ಜೋಡಿಯಾಗುತ್ತದೋ ಇಲ್ಲವೋ ನೋಡದೆ ನಿನ್ನನ್ನು ಬಿಡುವುದಿಲ್ಲ ಅಂದೆ ನಿರ್ದೇಶಕಿಗೆ. ಹಳೆಯ ಶಾಟ್ ಅವಳ ಲ್ಯಾಪ್‌ಟಾಪ್‌ನಲ್ಲೂ ಇತ್ತು. ನಾನು ರೊಟ್ಟಿ ಬಡಿಯುವಷ್ಟರಲ್ಲಿ ಪಡಸಾಲೆಯಲ್ಲೇ ಕೂತು ಎರಡನ್ನೂ ಕೂಡಿಸಿದಳು. ಕೈಯ ಹಿಟ್ಟು ಒರೆಸಿಕೊಂಡು ಹೋಗಿ ನೋಡಿದೆ. ನಮ್ಮವರೂ ಬಂದು ಮಗ್ಗುಲಲ್ಲಿ ಕೂತರು. ತುಟಿಯ ಮೇಲೆ ನೊಣ, ಹಾರುತ್ತದೆ. ಅಂಚಿನಿಂದ ಕೈ ಬರುತ್ತದೆ, ಚಾಚುತ್ತದೆ, ಹಾರಕ್ಕೆ ಬೀಳುತ್ತದೆ. ಎಲ್ಲಿ ಕೂಡಿಸಿದ್ದಾಳೆ ಅಂತ ನನಗೇ ಗೊತ್ತಾಗಲಿಲ್ಲ. ನಡುವೆ ಹೋದ ಆ ದಿನಗಳೆಲ್ಲ ನನ್ನ ಕೈಬಳೆಯ ಒಂದು ಅಲುಗಾಟದಲ್ಲಿ ಮುಚ್ಚಿಹೋಗಿದ್ದವು. ಅವರು ಕಣ್ಣು ತೆಗೆಯಲೆಂದು ನಾನು ಕಾದದ್ದು ಉದ್ದಕ್ಕೆ ಹಾಗೆಯೇ ಇತ್ತು, ಅವಳು ಕಡಿಮೆ ಮಾಡಿರಲಿಲ್ಲ. ಆಮೇಲೆ ನಾನು ಹೆಸರು ಕರೆದದ್ದು ಕೇಳಿಸಿತು, ಒಡೆದ ಗಂಟಲಲ್ಲಿ.

"ಈ ದನಿ ಅಲ್ಲ" ಅಂದರು ನಮ್ಮವರು.

"ನಾನ ಕರದದ್ದು."

"ನೀ ಕರದಿರಬೇಕು. ನನಗ ಕೇಳಿಸಿದ್ದು ಇದಲ್ಲ. ಹೆಸರ ಹಿಡದು ಈ ಮನ್ಯಾಗ ಯಾರ ಕರೀತಿದ್ರು? ನಮ್ಮವ್ವ ಒಬ್ಬಾಕಿ. ಅಡಗಿ ಮನ್ಯಾಗಿಂದ ಕರದಂಗ ಆತು."

ಅತ್ತೆ ತೀರಿಕೊಂಡು ಬಹಳ ವರ್ಷವಾಯಿತು. ಅವರನ್ನು ಕೂಡ್ರಿಸಿದ್ದೂ ಅದೇ ಗೋಡೆಗೆ. ನಿರ್ದೇಶಕಿ ಲ್ಯಾಪ್‌ಟಾಪ್ ಮೆಲ್ಲಗೆ ಮುಚ್ಚಿದಳು.

"ಏಳು ಅಂದ್ರೇನ್ರಿ ಅತ್ತಿಯಾರು?" ಅಂತ ಕೇಳಿದೆ. "ಇಲ್ಲಾ ಬಾ ಅಂದ್ರೋ?"

ಅವರು ಯೋಚಿಸಿದರು. ಮರೆಮಾಚುವ ಮನುಷ್ಯರಲ್ಲ ಅವರು.

"ಹೆಸರಷ್ಟ ಕರದ್ಲು" ಅಂದರು.

ನಿರ್ದೇಶಕಿಯನ್ನೂ ಕ್ಯಾಮೆರಾದವನನ್ನೂ ಉಣ್ಣದೆ ಹೋಗಲು ಬಿಡಲಿಲ್ಲ. ಬಿಸಿ ಜೋಳದ ರೊಟ್ಟಿ, ಮಡಿಕೆ ಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ. ಕ್ಯಾಮೆರಾದವನು ಅಡುಗೆಮನೆಗೆ ಬೆನ್ನು ಮಾಡಿ ಕೂರಲು ಒಪ್ಪದೆ ಎದ್ದು ಆ ಕಡೆ ಕೂತ. ನಮ್ಮವರು ಎಡಗೈಯಲ್ಲಿ ತಾಟು ಎತ್ತಿ ಹಿಡಿದು ಇನ್ನೊಂದು ರೊಟ್ಟಿ ಕೇಳಿದರು, ಆಮೇಲೆ ಮತ್ತೊಂದು. ನನಗೆ ಉಳಿದದ್ದು ಅರ್ಧ ರೊಟ್ಟಿ, ಅದನ್ನು ಮೊಸರಲ್ಲಿ ಮುರಿದುಕೊಂಡು ಉಂಡೆ.

ಸಿನಿಮಾದವರು ಹೋದ ಮೇಲೆ ಹಾಸಿಗೆ ಹಾಸಿದೆ. "ಭಾಳ ದಿನಾ ಆತು, ನೀ ಸರಿ ಮಕ್ಕೊಂಡಿಲ್ಲ" ಅಂದರು ನಮ್ಮವರು. "ಮಕ್ಕೊ. ನಾ ಇಲ್ಲೆ ಕುಂತಿರ್ತೇನಿ."

"ಕುಂದ್ರಬ್ಯಾಡ್ರಿ" ಅಂದೆ. "ಅಡ್ಡಾಡ್ರಿ."

ಅವರು ನಕ್ಕು, ಅಂಗಳಕ್ಕೆ ಹೋಗಿ ಅಡ್ಡಾಡತೊಡಗಿದರು. ಚಪ್ಪಲಿಯ ಸದ್ದು ತುಳಸಿಕಟ್ಟೆಯ ತನಕ ಹೋಗುವುದು, ತಿರುಗುವುದು, ಬಾಗಿಲ ತನಕ ಬರುವುದು. ಒಮ್ಮೆ ಬಾಗಿಲಲ್ಲಿ ನಿಂತಂತೆ ಅನ್ನಿಸಿ ಕಣ್ಣು ಬಿಟ್ಟೆ, ಸದ್ದು ಮತ್ತೆ ಹೊರಟಿತು. ಅದನ್ನು ಕೇಳುತ್ತಾ ನನಗೇ ಮೊದಲು ನಿದ್ದೆ ಹತ್ತಿತು.